ಬೆಟ್ಟದ ನೆತ್ತಿ ಹುಡುಕಲು ಯಾವುದು ವಾಸಿ: ಜಿಪಿಎಸ್, ಲೈಡಾರ್ ಗ್ರಿಡ್ ಅಥವಾ ಲೈಡಾರ್ ಬಿಂದುಗಳು?

ಬೆಟ್ಟದ ಅತಿ ಎತ್ತರದ ಜಾಗವನ್ನು ನಿಖರವಾಗಿ ಗುರುತಿಸಲೆಂದೇ ನಾನು ವಾಯುಭಾರಮಾಪಕವನ್ನೂ ಒಳಗೊಂಡ ದುಬಾರಿ ಜಿಪಿಎಸ್ ಸಾಧನವೊಂದನ್ನು ಕೊಂಡೆ. ಆ ಕೆಲಸಕ್ಕೆ ಅದು ಬೇಕಾಗಿರಲೇ ಇಲ್ಲವೆಂದು ಮನವರಿಕೆಯಾಗಲು ಎರಡು ಬೆಟ್ಟಗಳು ಸಾಕಾದವು. ಈಗ ನಾನು ನೆಚ್ಚಿಕೊಂಡಿರುವುದು ವಿಮಾನದಿಂದ ಲೇಸರ್ ಹಾಯಿಸಿ ಅಳೆದ ಲೈಡಾರ್ ದತ್ತಾಂಶವನ್ನು. ಅದರಲ್ಲಿಯೂ ಸಂಸ್ಕರಿಸಿ ಚೌಕಗಳಾಗಿ ಒದಗಿಸುವ ಗ್ರಿಡ್ಡಿಗಿಂತ, ಲೇಸರ್ ತಾಗಿ ಮರಳಿದ ಒಂದೊಂದು ಜಾಗವನ್ನೂ ಹಾಗೆಯೇ ಉಳಿಸಿಕೊಂಡಿರುವ ಮೂಲ ಬಿಂದುಗಳೇ ನನಗೆ ಮೆಚ್ಚು. ನೆತ್ತಿ ಚೂಪಾಗಿರುವ ಬೆಟ್ಟದಲ್ಲಿ ಇದಾವುದೂ ಬೇಕಿಲ್ಲ. ನೆತ್ತಿ ಅಗಲವಾಗಿ ಹರಡಿಕೊಂಡು, ಅದರ ಮೇಲೆ ಹೆಚ್ಚುಕಡಿಮೆ ಒಂದೇ ಎತ್ತರದ ಎರಡು ಮೂರು ದಿಬ್ಬಗಳಿರುವಲ್ಲಿ ಮಾತ್ರ ಈ ಹೋಲಿಕೆಗೆ ಅರ್ಥವುಂಟು.

ಉಪಗ್ರಹ ಮತ್ತು ಬಾಹ್ಯಾಕಾಶ ನೌಕೆಗಳ ರೇಡಾರ್ ನಕ್ಷೆಗಳನ್ನು ಬೇಗನೆ ಬದಿಗಿಡಬಹುದು. 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನಗಳ ಯಾನದಲ್ಲಿ ಸಂಗ್ರಹಿಸಿದ ಎಸ್‌ಆರ್‌ಟಿಎಂ ದತ್ತಾಂಶದಲ್ಲಿ ಒಂದು ಚೌಕವೆಂದರೆ ಸುಮಾರು 30 ಮೀಟರ್. ಒಂದು ನೆತ್ತಿ ಇಡಿಯಾಗಿ ಅಂಥ ಎರಡೋ ಮೂರೋ ಚೌಕಗಳಲ್ಲಿ ಮುಗಿದುಹೋಗುತ್ತದೆ.

ಜಿಪಿಎಸ್ ಸಾಧನದ ತೊಡಕು ಎತ್ತರದಲ್ಲಿದೆ. ಉಪಗ್ರಹಗಳೆಲ್ಲವೂ ತಲೆಯ ಮೇಲಿನ ಅರ್ಧಗೋಳದಲ್ಲಿಯೇ ಇರುವುದರಿಂದ ಎತ್ತರದ ದೋಷವು ಅಡ್ಡಳತೆಯ ದೋಷಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಎರಡು ದಿಬ್ಬಗಳ ನಡುವಿನ ಅರ್ಧ ಮೀಟರ್ ವ್ಯತ್ಯಾಸವನ್ನು ಕೈಯಲ್ಲಿ ಹಿಡಿಯುವ ಸಾಧನದಿಂದ ನಿರೀಕ್ಷಿಸುವಂತಿಲ್ಲ. ಇನ್ನು ವಾಯುಭಾರಮಾಪಕಕ್ಕೆ, ಸಮುದ್ರಮಟ್ಟದ ಬಳಿ ಗಾಳಿಯ ಒತ್ತಡ ಒಂದು ಹೆಕ್ಟೊಪಾಸ್ಕಲ್ ಬದಲಾದರೆ ಎತ್ತರ ಎಂಟು ಮೀಟರಿಗೂ ತುಸು ಹೆಚ್ಚು ಬದಲಾದಂತೆ. ಹವೆ ಬದಲಾದಾಗಲೂ ಒತ್ತಡ ಬದಲಾಗುವುದರಿಂದ, ನಾನು ಒಂದೇ ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿ ಉಂಡು ಮುಗಿಸುವಷ್ಟರಲ್ಲಿ ಆ ಸಾಧನದ ಪ್ರಕಾರ ಮೂರು ಮೀಟರ್ ಮೇಲೇರಿದ್ದೆ.

ಲೈಡಾರ್ ಗ್ರಿಡ್ ನೋಡಿದಾಗ, ಆದ್ದರಿಂದ, ಕತ್ತಲೆ ಕಳೆದಂತಾಯಿತು. ಒಂದು ಮೀಟರ್ ಚೌಕ, ಪ್ರತಿ ಚೌಕಕ್ಕೂ ಸೆಂಟಿಮೀಟರ್‌ವರೆಗೆ ಬರೆದ ಎತ್ತರ, ಮರಗಿಡಗಳನ್ನು ಕಳೆದು ಬರಿಯ ನೆಲವನ್ನು ತೋರುವ ಚಿತ್ರ. ಕ್ಯೂಜಿಐಎಸ್ ತಂತ್ರಾಂಶದಲ್ಲಿ ತೆರೆದು ಅತಿ ಎತ್ತರದ ಚೌಕವನ್ನು ಹುಡುಕುವುದು ಕೆಲವೇ ನಿಮಿಷಗಳ ಕೆಲಸ. ಹಾಗೆ ಸಿಕ್ಕ ಜಾಗ ಪಶ್ಚಿಮದ ಹುಲ್ಲುದಿಬ್ಬವಾಗಿತ್ತು. ಅಲ್ಲಿಗೆ ಹೋಗಿ ನಿಂತಾಗ, ಪೂರ್ವಕ್ಕೆ ಸುಮಾರು 60 ಮೀಟರ್ ದೂರದಲ್ಲಿ ಆಳೆತ್ತರವನ್ನೂ ಮೀರಿದ ಒಂದು ಕೋಡುಗಲ್ಲು ಎದ್ದು ನಿಂತಿತ್ತು. ಗ್ರಿಡ್ಡಿನಲ್ಲಿ ಅದರ ಸುಳಿವೇ ಇರಲಿಲ್ಲ. ಬಂಡೆಯನ್ನೇರಿ, ಅದರ ತುದಿಗೆ ಗಲ್ಲ ಆನಿಸಿ ಕೈ ರಸಮಟ್ಟದಲ್ಲಿ (ಕಣ್ಣಿಗೆ ಹಿಡಿದು ಸಮತಲವನ್ನು ಗುರುತಿಸುವ ಪುಟ್ಟ ಸಾಧನ) ನೋಡಿದರೆ, ಸಮತಲದ ಗೆರೆ ಹುಲ್ಲುದಿಬ್ಬಕ್ಕೆ ತಾಗದೆ ಅದರ ಮೇಲಿನಿಂದ ಹಾದುಹೋಯಿತು.

ತಪ್ಪು ಲೇಸರಿನದಲ್ಲ, ನೆಲವನ್ನು ಬೇರ್ಪಡಿಸುವ ಸೋಸುವಿಕೆಯದು. ಬಿಂದುಗಳಲ್ಲಿ ನೆಲ ಯಾವುದು, ಗಿಡ ಯಾವುದು ಎಂಬುದನ್ನು ವಿಂಗಡಿಸುವುದು ಬಹುಮಟ್ಟಿಗೆ ತಂತ್ರಾಂಶವೇ. ಇಂಥ ಒಂದು ಜನಪ್ರಿಯ ವಿಧಾನದಲ್ಲಿ ಬಿಂದುಗಳ ಮೇಲ್ಮೈಯನ್ನು ತಲೆಕೆಳಗು ಮಾಡಿ, ಅದರ ಮೇಲೆ ಕಾಲ್ಪನಿಕ ಬಟ್ಟೆಯೊಂದನ್ನು ಹೊದಿಸಲಾಗುತ್ತದೆ. ಬಟ್ಟೆ ತಾಗಿದ ಬಿಂದುಗಳು ನೆಲ, ತಾಗದವು ನೆಲವಲ್ಲ. ತಲೆಕೆಳಗಾದಾಗ ಮರವೊಂದು ಹೇಗೆ ಇಕ್ಕಟ್ಟಾದ ಗುಂಡಿಯಾಗುತ್ತದೆಯೋ ಕೋಡುಗಲ್ಲೂ ಹಾಗೆಯೇ ಆಗುತ್ತದೆ, ಮತ್ತು ಬಟ್ಟೆ ಬಿಗಿಯಾಗಿದ್ದಷ್ಟೂ ಅದು ಆ ಗುಂಡಿಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಬೇರೆ ವಿಧಾನಗಳೂ ಹಠಾತ್ತನೆ ಮೇಲೇಳುವುದನ್ನು ಅನುಮಾನದಿಂದಲೇ ನೋಡುತ್ತವೆ. ಹೀಗೆ ಬೆಟ್ಟದ ನಿಜವಾದ ತುದಿಯೇ ಪೊದೆಯೆಂದು ಪರಿಗಣಿತವಾಗಿ ಕಳಚಿಹೋಗುತ್ತದೆ, ಉಳಿದ ಖಾಲಿ ಜಾಗವನ್ನು ಸುತ್ತಲಿನ ನೆಲದ ಎತ್ತರಗಳಿಂದ ಅಂದಾಜಿಸಿ ತುಂಬಲಾಗುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಗ್ರಿಡ್ಡಿಗೆ ಅಕ್ಷರಶಃ ಒಪ್ಪುತ್ತದೆ.

ಮನೆಗೆ ಮರಳಿ ಅದೇ ಸಮೀಕ್ಷೆಯ ಮೂಲ ಬಿಂದುಗಳನ್ನು ತೆರೆದಾಗ ಬಂಡೆ ಇಡಿಯಾಗಿ ಅಲ್ಲಿಯೇ ಇತ್ತು. ಲೈಡಾರ್ ಕಡತಗಳಲ್ಲಿ 2ನೆಯ ವರ್ಗವೆಂದರೆ ನೆಲ, 1 ಎಂದರೆ ವರ್ಗೀಕರಿಸದ್ದು, 3ರಿಂದ 5 ಸಸ್ಯಗಳು. ಬಂಡೆಯ ಮೇಲಿನ ಬಿಂದುಗಳೆಲ್ಲವೂ 1ನೆಯ ವರ್ಗದಲ್ಲಿದ್ದವು. ಅವುಗಳ ಪೈಕಿ ಅತಿ ಮೇಲಿನದು ಹುಲ್ಲುದಿಬ್ಬಕ್ಕಿಂತ 70 ಸೆಂಟಿಮೀಟರಿನಷ್ಟು ಎತ್ತರದಲ್ಲಿತ್ತು. ಅಂದಿನಿಂದ ನಾನು ವರ್ಗಗಳನ್ನು ನಂಬುವುದನ್ನು ಬಿಟ್ಟಿದ್ದೇನೆ. ನೆತ್ತಿಯ ಸುತ್ತ 100 ಮೀಟರಿನಷ್ಟು ಭಾಗವನ್ನು ಮಾತ್ರ ಕತ್ತರಿಸಿಕೊಂಡು, ಎಲ್ಲ ಬಿಂದುಗಳನ್ನೂ ಎತ್ತರದ ಅನುಕ್ರಮದಲ್ಲಿ ಜೋಡಿಸಿ, ಮೇಲಿನ ಇಪ್ಪತ್ತನ್ನು ಕ್ಲೌಡ್‌ಕಂಪೇರ್ ತಂತ್ರಾಂಶದಲ್ಲಿ ಪಕ್ಕದಿಂದ ನೋಡುತ್ತೇನೆ. ಎಲೆಗಳ ನಡುವೆ ನುಸುಳುವ ಒಂದೇ ಲೇಸರ್ ಮಿಡಿತ ಎರಡು ಮೂರು ಬಾರಿ ಮರಳುವುದುಂಟು, ಕಲ್ಲಿನಿಂದ ಒಮ್ಮೆ ಮಾತ್ರ ಮರಳುತ್ತದೆ. ಕಲ್ಲಿನ ಬಿಂದುಗಳು ಒಂದು ಮೈಯಾಗಿ ಕೂಡಿಕೊಂಡಿರುತ್ತವೆ, ಗಿಡದವು ಚದರಿರುತ್ತವೆ. ಒಮ್ಮೆ ಅತಿ ಎತ್ತರದ ಬಿಂದು ನೆಲದಿಂದ 11 ಮೀಟರ್ ಮೇಲೆ ಗಾಳಿಯಲ್ಲಿ ಒಂಟಿಯಾಗಿ ತೇಲುತ್ತಿತ್ತು. ಬಹುಶಃ ಹಕ್ಕಿ.

ಮೂಲ ಬಿಂದುಗಳಿಗೂ ಮಿತಿಯಿದೆ. ಚದರ ಮೀಟರಿಗೆ ಎರಡು ಮಿಡಿತಗಳ ಸಮೀಕ್ಷೆಯಲ್ಲಿ ಬಿಂದುವಿನಿಂದ ಬಿಂದುವಿಗೆ ಸರಾಸರಿ 70 ಸೆಂಟಿಮೀಟರ್ ಅಂತರವಿರುವುದರಿಂದ ಅಂಗೈಯಗಲದ ಕಲ್ಲುತುದಿ ಪೂರ್ತಿಯಾಗಿ ತಪ್ಪಿಹೋಗಬಹುದು. ಆಗ ದತ್ತಾಂಶ ನಿಜಕ್ಕಿಂತ ಕಡಿಮೆ ಎತ್ತರವನ್ನೇ ಹೇಳುತ್ತದೆ. ಯಾರೋ ಪೇರಿಸಿಟ್ಟ ಕಲ್ಲುಗುಪ್ಪೆಗೂ ಬಂಡೆಗೂ ವ್ಯತ್ಯಾಸವನ್ನು ಪರದೆಯ ಮೇಲೆ ತಿಳಿಯುವುದು ಕಷ್ಟ. ದಿಬ್ಬಗಳ ಎತ್ತರದ ವ್ಯತ್ಯಾಸ 10 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ನಾನು ತೀರ್ಪು ಕೊಡುವುದಿಲ್ಲ.

ಅಲ್ಲಿ ನೆರವಿಗೆ ಬರುವುದು ರಸಮಟ್ಟ. ಅದು ಹತ್ತು ಕಲೆಗಳಷ್ಟು (ಒಂದು ಡಿಗ್ರಿಯ ಆರನೆಯ ಒಂದು ಭಾಗ) ಓರೆಯಾದರೂ 40 ಮೀಟರ್ ದೂರಕ್ಕೆ ತಪ್ಪು ಸುಮಾರು 12 ಸೆಂಟಿಮೀಟರ್, ಮತ್ತು ಎರಡೂ ದಿಬ್ಬಗಳಿಂದ ಪರಸ್ಪರ ನೋಡಿ ಸರಾಸರಿ ತೆಗೆದರೆ ಸಾಧನದ ಓರೆ ತಾನಾಗಿಯೇ ಕಳೆಯುತ್ತದೆ. ಆದರೆ ಎಲ್ಲಿ ನೋಡಬೇಕೆಂಬುದನ್ನು ಅದು ಹೇಳದು.

ಸಮುದ್ರಮಟ್ಟದಿಂದ ಎತ್ತರವೆಷ್ಟು ಎಂಬ ಪ್ರಶ್ನೆಗೆ ಜಿಯಾಯ್ಡ್ ತಿದ್ದುಪಡಿ, ಅಂದರೆ ಉಪಗ್ರಹಗಳ ನೆರವಿನಿಂದ ಅಳೆದ ಎತ್ತರವನ್ನು ಸಮುದ್ರಮಟ್ಟಕ್ಕೆ ಹೊಂದಿಸುವ ಲೆಕ್ಕ, ಬೇಕು. ಒಂದೇ ನೆತ್ತಿಯ ಎರಡು ದಿಬ್ಬಗಳನ್ನು ಹೋಲಿಸುವಾಗ ಅದು ಎರಡಕ್ಕೂ ಒಂದೇ ಆಗಿರುವುದರಿಂದ ನಾನು ಅದರ ಗೋಜಿಗೆ ಹೋಗುವುದಿಲ್ಲ.

ವಾರಕ್ಕೊಂದೇ ದಿನ ಬಿಡುವಿರುವ, ಹಳೆಯ ಲ್ಯಾಪ್‌ಟಾಪಿನ, ಒಮ್ಮೆ ಕೈಸುಟ್ಟುಕೊಂಡ ಜೇಬಿನ ನನ್ನಂಥವನಿಗೆ ಉಚಿತವಾಗಿ ಸಿಗುವ ಮೂಲ ಬಿಂದುಗಳು ಮತ್ತು ಕಿಸೆಯಲ್ಲಿ ಹಿಡಿಯುವ ರಸಮಟ್ಟ ಸಾಕು. ಒಂದೇ ದಿನ ಹತ್ತಾರು ಬೆಟ್ಟಗಳನ್ನು ಪರಿಶೀಲಿಸಬೇಕಾದವರು ಗ್ರಿಡ್ಡಿನಿಂದ ಆರಂಭಿಸಿ, ಬಂಡೆಗಲ್ಲಿನ ನೆತ್ತಿಗಳಿಗೆ ಮಾತ್ರ ಬಿಂದುಗಳನ್ನು ತೆರೆಯಬಹುದು. ಹುಲ್ಲಿನ ನುಣುಪು ಬೆಟ್ಟಗಳಲ್ಲಿ ಎರಡರ ಉತ್ತರವೂ ನನಗೆ ಪ್ರತಿ ಬಾರಿಯೂ ಒಂದೇ ಬಂದಿದೆ. ಆ ಜಿಪಿಎಸ್ ಸಾಧನವನ್ನು ಮಾರಿಲ್ಲ. ಮಂಜು ಕವಿದಾಗ ಹತ್ತಿದ ದಾರಿಯನ್ನೇ ಹಿಡಿದು ಇಳಿಯಲು ಅದು ಬೇಕಾಗುತ್ತದೆ. ಎತ್ತರ ತೋರಿಸುವ ಪುಟವನ್ನು ಮಾತ್ರ ಅದರ ಪರದೆಯಿಂದ ತೆಗೆದುಹಾಕಿದ್ದೇನೆ.