ಸೋಡಾ ಕೆಗ್‌ಗೆ ಮೂರನೇ ರೆಗ್ಯುಲೇಟರ್: ಬಳ್ಳಾರಿಯ ಎರಡು ಬೇಸಿಗೆ ದಾಟಿದ ಮೇಲೆ

ಈ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗ್ಯಾಸಿನ ಒತ್ತಡವನ್ನು ಇಳಿಸಿ ಕೆಗ್‌ಗೆ ಬಿಡುವ ಸಾಧನ, ತಗೊಳ್ಳಬಹುದಾ ಅಂತ ಕೇಳಿದರೆ, ಧಾರಾಳವಾಗಿ ತಗೊಳ್ಳಬಹುದು. ಹದಿನಾಲ್ಕು ತಿಂಗಳಿಂದ ಬಳಸುತ್ತಿದ್ದೇನೆ, ಬಳ್ಳಾರಿಯ ಎರಡು ಬೇಸಿಗೆ ದಾಟಿದೆ, ಒಂದು ಸಲವೂ ಕೈಕೊಟ್ಟಿಲ್ಲ. ಆದರೆ ಇದಕ್ಕೂ ಮುಂಚೆ ಎರಡು ರೆಗ್ಯುಲೇಟರ್‌ಗೆ ದುಡ್ಡು ಸುರಿದೆ. ಆ ಎರಡರ ಕಥೆ ಬಿಟ್ಟು ಮೂರನೆಯದನ್ನು ಮಾತ್ರ ಹೊಗಳಿದರೆ ಓದಿದವರಿಗೆ ಏನೂ ಉಪಯೋಗ ಆಗಲ್ಲ.

ನಮ್ಮ ಮನೆಯಲ್ಲಿ 19 ಲೀಟರಿನ ಸ್ಟೀಲ್ ಕೆಗ್ ಇದೆ. ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಬಳಸುತ್ತಾರಲ್ಲ, ಅದೇ. ಅಸಲಿಗೆ ಅದು ಬಿಯರಿಗೆ ಅಂತ ಹುಟ್ಟಿದ್ದಲ್ಲ, ತಂಪು ಪಾನೀಯದ ಕಂಪನಿಗಳು ಸಿರಪ್ ತುಂಬಿ ಹೋಟೆಲುಗಳಿಗೆ ಕಳಿಸೋಕೆ ಮಾಡಿಸಿದ್ದ ಕ್ಯಾನ್. ನಾನು ಅದರಲ್ಲಿ ಮಾಡುವುದು ಸೋಡಾ ಮಾತ್ರ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದಕ್ಕೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಬಿಡುವುದಿಲ್ಲ, ಮತ್ತೆ ನನಗೆ ಬೇಕಾಗಿದ್ದೂ ಸೋಡಾನೇ. ಅಪ್ಪ ರಾಯಲ್ ಸರ್ಕಲ್ ಹತ್ತಿರ ಇಪ್ಪತ್ತು ವರ್ಷ ಗೋಲಿ ಸೋಡಾ ಗಾಡಿ ಇಟ್ಟಿದ್ದರು. ಒಗ್ಗರಣೆ ಮಿರ್ಚಿ ತಿಂದು ಬಾಯಿ ಉರಿಸಿಕೊಂಡವರೆಲ್ಲ ನೇರ ಗಾಡಿಗೇ ಬರುತ್ತಿದ್ದರು. ಸೋಡಾ ಅಂದರೆ ಮೂಗಿಗೆ ಹತ್ತಬೇಕು ಅನ್ನುವುದು ಅಪ್ಪನ ಲೆಕ್ಕ. ಮೂಗಿಗೆ ಹತ್ತದಿದ್ದರೆ ಅದು ಬರೀ ನೀರು.

ಮೊದಲನೇ ರೆಗ್ಯುಲೇಟರ್ ಇಲ್ಲೇ ಊರಲ್ಲಿ ತಗೊಂಡೆ. ಅಂಗಡಿಯಲ್ಲಿ ಸಿಒಟು (ಸೋಡಾಕ್ಕೆ ಹಾಕುವ ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ರೆಗ್ಯುಲೇಟರ್ ಕೊಡಿ ಅಂದೆ, ಕೊಟ್ಟರು. ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಯಿಂದಾಗಿ ನಮ್ಮ ಕಡೆ ಫ್ಯಾಬ್ರಿಕೇಶನ್ ಕೆಲಸ ಜಾಸ್ತಿ, ಹಾಗಾಗಿ ಇಲ್ಲಿ ಸಿಒಟು ರೆಗ್ಯುಲೇಟರ್ ಅಂದರೆ ವೆಲ್ಡಿಂಗಿನದೇ ಅಂತ ಅರ್ಥ. ಅದರಲ್ಲಿ ಒಂದು ಮೀಟರ್, ಪಕ್ಕದಲ್ಲಿ ಒಂದು ಪಾರದರ್ಶಕ ನಳಿಗೆ, ನಳಿಗೆಯೊಳಗೆ ಮೇಲೆ ಕೆಳಗೆ ಓಡಾಡುವ ಗುಂಡು. ನಿಮಿಷಕ್ಕೆ ಎಷ್ಟು ಲೀಟರ್ ಗ್ಯಾಸ್ ಹರಿಯುತ್ತಿದೆ ಅಂತ ಆ ಗುಂಡು ತೋರಿಸುತ್ತದೆ. ವೆಲ್ಡಿಂಗ್ ಮಾಡುವವರಿಗೆ ಬೇಕಾದದ್ದು ಅದೇ. ನಮಗೆ ಬೇಕಾದದ್ದು ಕೆಗ್ ಒಳಗೆ ಎಷ್ಟು ಒತ್ತಡ ನಿಂತಿದೆ ಅನ್ನುವುದು, ಅದನ್ನು ಇದು ತೋರಿಸುವುದೇ ಇಲ್ಲ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ನೀವು ಕೇಳುವಾಗ ಸೋಡಾಕ್ಕೆ ಬೇಕು, ಎರಡು ಮೀಟರ್ ಇರಬೇಕು (ಒಂದು ಸಿಲಿಂಡರ್ ಒಳಗಿನ ಒತ್ತಡಕ್ಕೆ, ಹೊರಗಿನದು ಕೆಗ್‌ಗೆ ಹೋಗುವ ಒತ್ತಡಕ್ಕೆ), ಹೊರಗಿನ ಮೀಟರ್ 0ಯಿಂದ 60 ಪಿಎಸ್‌ಐ (ಒತ್ತಡದ ಅಳತೆ) ಒಳಗಿನದಾಗಿರಬೇಕು ಅಂತ ಬಿಡಿಸಿ ಹೇಳಿ. ಹೊರಗಿನ ಮೀಟರ್ 200ರ ತನಕ ಇದ್ದರೆ 10ಕ್ಕೂ 14ಕ್ಕೂ ನಡುವೆ ಮುಳ್ಳು ಅಲುಗಿದ್ದೇ ಕಾಣಲ್ಲ.

ಎರಡನೆಯದನ್ನು ಆನ್‌ಲೈನಲ್ಲಿ ತರಿಸಿದೆ. ಬಿಯರ್ ಕೆಗ್‌ಗೆ ಅಂತಲೇ ಮಾಡಿದ್ದು, ನೋಡೋಕೆ ಬಹಳ ಚೆಂದ, ಎರಡು ಮೀಟರ್, ಕೆಂಪು ರಬ್ಬರ್ ಹೊದಿಕೆ. ಬಂದ ಮೇಲೆ ನೋಡಿದರೆ ನಟ್ ನಮ್ಮ ಸಿಲಿಂಡರ್‌ಗೆ ಕೂರಲೇ ಇಲ್ಲ. ಅಮೆರಿಕದವರ ಸಿಲಿಂಡರ್ ಬಾಯಿಗೆ ಸಿಜಿಎ-320 ಅನ್ನುವ ಥ್ರೆಡ್, ಯುರೋಪಿನಲ್ಲಿ ಹೆಚ್ಚಾಗಿ ಡಬ್ಲ್ಯು 21.8, ಒಂದಕ್ಕೊಂದು ಹೊಂದುವುದಿಲ್ಲ. ಬಲವಂತವಾಗಿ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಥ್ರೆಡ್ ಹಾಳಾಗುತ್ತದೆ, ಅರ್ಧಂಬರ್ಧ ಕೂತ ನಟ್ ಮೇಲೆ ಅಷ್ಟು ಒತ್ತಡ ಬಿಡುವುದು ಜೀವಕ್ಕೇ ಅಪಾಯ. ಅಡಾಪ್ಟರ್ ತರಿಸಿದೆ. ಮತ್ತೆ ದುಡ್ಡು, ಗ್ಯಾಸ್ ಸೋರೋಕೆ ಮತ್ತೊಂದು ಜಾಗ. ಆದ್ದರಿಂದ ಮೊದಲು ನಿಮ್ಮ ಊರಲ್ಲಿ ಗ್ಯಾಸ್ ತುಂಬಿಸಿಕೊಡುವವರ ಹತ್ತಿರ ಸಿಲಿಂಡರ್ ನೋಡಿ, ಅದರ ಬಾಯಿಯ ಫೋಟೋ ತೆಗೆದುಕೊಳ್ಳಿ, ಆಮೇಲೆ ರೆಗ್ಯುಲೇಟರ್ ಹುಡುಕಿ. ನಾನು ಮಾಡಿದ್ದು ತಿರುವುಮುರುವು.

ಒಂದೂವರೆ ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ರಾತ್ರಿ 30 ಪಿಎಸ್‌ಐಗೆ ಇಟ್ಟು ಮಲಗಿದ್ದೆ, ಬೆಳಿಗ್ಗೆ ಎದ್ದು ನೋಡಿದರೆ ಮುಳ್ಳು 48ರಲ್ಲಿ ನಿಂತಿದೆ. ಒತ್ತಡ ಹೆಚ್ಚು ಕಡಿಮೆ ಮಾಡುವ ಗುಬುಟನ್ನು ಯಾರೂ ಮುಟ್ಟಿಲ್ಲ. ಇಳಿಸಿ ಮತ್ತೆ 30ಕ್ಕೆ ಇಟ್ಟೆ, ಎರಡು ಗಂಟೆಯಲ್ಲಿ ಮತ್ತೆ 40 ದಾಟಿತು. ಒಳಗಿನ ವಾಲ್ವ್ ಪೂರ್ತಿ ಮುಚ್ಚದೆ ಗ್ಯಾಸ್ ಹನಿಹನಿಯಾಗಿ ನುಸುಳಿದರೆ ಹೀಗಾಗುತ್ತದೆ.

ಕೌಲ್ ಬಜಾರಿನಲ್ಲಿ ಗ್ಯಾಸ್ ವೆಲ್ಡಿಂಗ್ ಸಾಮಾನು ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ಅವರ ಹತ್ತಿರ ಒಯ್ದೆ. ವೈಸ್‌ಗೆ ಕಚ್ಚಿಸಿ, ನಿಧಾನಕ್ಕೆ ಬಿಚ್ಚಿ, ಸ್ಪ್ರಿಂಗ್ ತೆಗೆದರು, ಡಯಾಫ್ರಾಮ್ ತೆಗೆದರು, ಕೊನೆಗೆ ಶೇಂಗಾ ಬೀಜಕ್ಕಿಂತ ಚಿಕ್ಕದಾದ ಒಂದು ನೈಲಾನ್ ಬಿಲ್ಲೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದರು. ಆ ಬಿಲ್ಲೆಯ ಮೇಲೆ ಸಾಸಿವೆಯ ಕಾಲು ಭಾಗದಷ್ಟು ಕೆಂಪು ಕಣ ಅಂಟಿಕೊಂಡಿತ್ತು, ಅದು ಒತ್ತಿ ಒತ್ತಿ ನೈಲಾನ್ ಮೇಲೆ ಗುಳಿ ಬಿದ್ದಿತ್ತು. "ಮಣ್ಣು ಕುಂತೈತಿ ನೋಡು ತಮ್ಮಾ. ಗ್ಯಾಸ್ ಹೆಂಗ್ ಹಿಡೀತೈತಿ ಇದು?" ಅಂದರು.

ನಮ್ಮ ಊರಿನ ಕೆಂಪು ಧೂಳು. ಅದಿರಿನ ಲಾರಿಗಳು ಓಡಾಡುವ ಊರಲ್ಲಿ ಇದು ಎಲ್ಲ ಕಡೆ ಕೂರುತ್ತದೆ, ಸಿಲಿಂಡರ್ ಬಾಯಿಯಲ್ಲೂ ಕೂರುತ್ತದೆ. ಗ್ಯಾಸ್ ತುಂಬಿಸಿಕೊಂಡು ಆಟೋದಲ್ಲಿ ತರುತ್ತೇವೆ, ಬಾಯಿಗೆ ಮುಚ್ಚಳ ಇರುವುದಿಲ್ಲ, ಹಾಗೇ ರೆಗ್ಯುಲೇಟರ್ ಹಾಕಿ ತಿರುಗಿಸಿದರೆ ಒಳಗಿನ ಒತ್ತಡ ಆ ಧೂಳನ್ನು ಗುಂಡಿನ ಹಾಗೆ ವಾಲ್ವ್‌ಗೆ ಹೊಡೆಯುತ್ತದೆ. ಅದಕ್ಕೇ ಆ ಎರಡನೇ ರೆಗ್ಯುಲೇಟರ್ ಪೂರ್ತಿ ಕೆಟ್ಟದ್ದು ಅಂತ ನಾನು ಹೇಳಲ್ಲ. ಆದರೆ ಗ್ಯಾಸ್ ಒಳಗೆ ಬರುವ ಜಾಗದಲ್ಲಿ ಅದಕ್ಕೆ ಫಿಲ್ಟರ್ ಇರಲಿಲ್ಲ, ಅಷ್ಟು ದುಡ್ಡಿನ ವಸ್ತುವಿಗೆ ಅದು ಇರಲೇಬೇಕಿತ್ತು.

ಈಗಿನದು, ಅಂದರೆ ಮೂರನೆಯದು, ಇದನ್ನೆಲ್ಲ ಹಿಂದೆ ತಿರುಗಿಸಿ ನೋಡಿ ಆರಿಸಿದ್ದು. ಹಿತ್ತಾಳೆಯ ದೇಹ, ಎರಡು ಮೀಟರ್, ನಮ್ಮ ಸಿಲಿಂಡರ್‌ಗೆ ಅಡಾಪ್ಟರ್ ಇಲ್ಲದೆ ಕೂರುವ ನಟ್. ನಟ್ ಒಳಗೆ ಕಣ್ಣಿಟ್ಟು ನೋಡಿದರೆ ತುದಿಯಲ್ಲಿ ಕಂಚಿನ ಬಣ್ಣದ, ಸಕ್ಕರೆ ಕಣಗಳನ್ನು ಒತ್ತಿ ಮಾಡಿದ ಹಾಗೆ ಕಾಣುವ ಪುಟ್ಟ ಬಿರಡೆ ಇದೆ. ಅದೇ ಫಿಲ್ಟರ್. ಧೂಳು ಅಲ್ಲೇ ನಿಲ್ಲುತ್ತದೆ. ನಾನು ಕೊಟ್ಟಿದ್ದು 4,800 ರೂಪಾಯಿ. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯವರು ಬೇರೆ ಏನು ನೋಡದಿದ್ದರೂ ಈ ಫಿಲ್ಟರ್ ಇದೆಯಾ ಅಂತ ನೋಡಿ.

ಜೋಡಿಸುವಾಗ ಈಗ ನಾನು ಹೀಗೆ ಮಾಡುತ್ತೇನೆ. ಸಿಲಿಂಡರ್ ಬಾಯಿಯನ್ನು ಒಣ ಬಟ್ಟೆಯಿಂದ ಒರೆಸುತ್ತೇನೆ, ಬಾಯಿ ಯಾರ ಕಡೆಗೂ ಇಲ್ಲದ ಹಾಗೆ ತಿರುಗಿಸಿ ನಾನೂ ಪಕ್ಕಕ್ಕೆ ನಿಂತು ವಾಲ್ವನ್ನು ಒಂದೇ ಕ್ಷಣ ತೆರೆದು ಮುಚ್ಚುತ್ತೇನೆ. ಬುಸ್ ಅಂತ ಒಳಗಿನ ಧೂಳು ಹೊರಗೆ ಹಾರುತ್ತದೆ. ಆಮೇಲೆ ವಾಷರ್ ಸರಿಯಾಗಿದೆಯಾ ನೋಡಿ ನಟ್ ಬಿಗಿ ಮಾಡುತ್ತೇನೆ. ಈ ನಟ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಇಲ್ಲಿ ಗ್ಯಾಸ್ ತಡೆಯುವುದು ವಾಷರ್, ಥ್ರೆಡ್ ಅಲ್ಲ. ಟೇಪಿನ ಚೂರು ಒಳಗೆ ಹೋದರೆ ಧೂಳಿನಷ್ಟೇ ತೊಂದರೆ. ಗುಬುಟನ್ನು ಪೂರ್ತಿ ಸಡಿಲ ಮಾಡಿಟ್ಟು ಆಮೇಲೆ ಸಿಲಿಂಡರ್ ವಾಲ್ವನ್ನು ನಿಧಾನಕ್ಕೆ ತೆರೆಯಬೇಕು. ಎಲ್ಲ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಅಂತ ಎರಡು ನಿಮಿಷ ಕಾದು ನೋಡಿ. ಅವಸರದಲ್ಲಿ ನೋಡಿದರೆ ಸಣ್ಣ ಸೋರಿಕೆ ಕಾಣಲ್ಲ, ಒಂದು ವಾರದಲ್ಲಿ ಸಿಲಿಂಡರ್ ಖಾಲಿ.

ಹೊಸದು ತಂದ ದಿನ ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಕೆಗ್ ಜೋಡಿಸದೆ, ಹೊರಗಿನ ಕೀಲಿ (ಕೆಗ್ ಕಡೆಗೆ ಗ್ಯಾಸ್ ಬಿಡುವ ಪುಟ್ಟ ವಾಲ್ವ್) ಮುಚ್ಚಿ, 10 ಪಿಎಸ್‌ಐಗೆ ಇಟ್ಟು ಅರ್ಧ ಗಂಟೆ ಬಿಡಿ. ಮುಳ್ಳು ಏರುತ್ತಾ ಹೋದರೆ ಅವತ್ತೇ ವಾಪಸ್ ಕೊಡಿ. ನನ್ನದು ಅರ್ಧ ಗಂಟೆ ಅಲ್ಲ, ಒಂದು ರಾತ್ರಿ ಬಿಟ್ಟರೂ ಅಲುಗಲಿಲ್ಲ. ಅವತ್ತೇ ಇದರ ಮೇಲೆ ನಂಬಿಕೆ ಬಂತು.

ಸಿಲಿಂಡರ್ ಒಳಗಿನ ಒತ್ತಡದ ಮೀಟರ್ ಬಗ್ಗೆ ಒಂದು ಮಾತು, ಯಾಕೆಂದರೆ ಇದರಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಸಿಲಿಂಡರ್ ಒಳಗೆ ಸಿಒಟು ದ್ರವವಾಗಿ ಇರುತ್ತದೆ, ದ್ರವ ಇರುವ ತನಕ ಮೀಟರ್ ತೋರಿಸುವುದು ಬಿಸಿಲಿನ ಲೆಕ್ಕ, ಗ್ಯಾಸಿನ ಲೆಕ್ಕ ಅಲ್ಲ. 20 ಡಿಗ್ರಿ ಇದ್ದರೆ ಸುಮಾರು 830 ಪಿಎಸ್‌ಐ. ಜನವರಿ ಬೆಳಿಗ್ಗೆ ನನ್ನ ಮೀಟರ್ ಅಲ್ಲೇ ಇತ್ತು, ಏಪ್ರಿಲ್ ಮಧ್ಯಾಹ್ನ ಅದೇ ಮುಳ್ಳು 1,200ರ ಹತ್ತಿರ ಬಂತು. 31 ಡಿಗ್ರಿ ದಾಟಿದರೆ ಒಳಗೆ ದ್ರವ ಅನ್ನುವುದೇ ಉಳಿಯಲ್ಲ. ನಮ್ಮ ಊರಲ್ಲಿ ಮಾರ್ಚ್‌ನಿಂದ ಜೂನ್ ತನಕ ಹಗಲೆಲ್ಲ ಅದಕ್ಕಿಂತ ಜಾಸ್ತಿನೇ. ಹಾಗಾಗಿ ಗ್ಯಾಸ್ ಎಷ್ಟು ಉಳಿದಿದೆ ಅಂತ ತಿಳಿಯೋಕೆ ತೂಕವೇ ದಾರಿ. ಖಾಲಿ ಸಿಲಿಂಡರಿನ ತೂಕವನ್ನು ಕುತ್ತಿಗೆ ಹತ್ತಿರ ಕೆತ್ತಿರುತ್ತಾರೆ, ಅದನ್ನು ಕಳೆದರೆ ಉಳಿದಿದ್ದು ಗ್ಯಾಸ್. ಅಲ್ಲೇ ಪರೀಕ್ಷೆ ಮಾಡಿಸಿದ ತಾರೀಕೂ ಇರುತ್ತದೆ, ಐದು ವರ್ಷ ದಾಟಿದ್ದರೆ ಆ ಸಿಲಿಂಡರ್ ಬೇಡ ಅನ್ನಿ. ನನ್ನ ಲೆಕ್ಕದಲ್ಲಿ ಒಂದು ಕೆಗ್ ಸೋಡಾಕ್ಕೆ ಕಾಲು ಕೆಜಿ ಗ್ಯಾಸ್ ಹೋಗುತ್ತದೆ, 5 ಕೆಜಿ ಸಿಲಿಂಡರ್ ಸುಮಾರು ಇಪ್ಪತ್ತು ಕೆಗ್‌ಗೆ ಬರುತ್ತದೆ. ಗ್ಯಾಸ್ ತುಂಬಿಸುವಾಗ ಕುಡಿಯುವುದಕ್ಕೆ ಬಳಸುವ ಫುಡ್ ಗ್ರೇಡ್ ಅಂತ ಕೇಳಿ ತುಂಬಿಸಿ. ಬೆಂಕಿ ಆರಿಸುವ ಸಿಲಿಂಡರಿನ ಗ್ಯಾಸ್ ಅಗ್ಗಕ್ಕೆ ಸಿಗುತ್ತದೆ ಅಂದರೂ ಬೇಡ.

ಇನ್ನು ಮೂಗಿಗೆ ಹತ್ತುವ ವಿಷಯ. ಬಿಯರ್ ಮಾಡುವವರು ಮೂರು ನಾಲ್ಕು ಡಿಗ್ರಿ ತಂಪಿನಲ್ಲಿ 10ರಿಂದ 12 ಪಿಎಸ್‌ಐ ಇಡುತ್ತಾರೆ, ಅವರಿಗೆ ಅಷ್ಟು ಸಾಕು. ಸೋಡಾಕ್ಕೆ ಅದೇ ತಂಪಿನಲ್ಲಿ 30 ಬೇಕು. ಶುರುವಿನಲ್ಲಿ ನಾನು ಕೆಗ್ಗನ್ನು ಹೊರಗೇ ಇಟ್ಟು 30 ಕೊಡುತ್ತಿದ್ದೆ, ಅಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು "ನೀರೇ ಇದು" ಅಂದರು. ಸರಿಯಾಗೇ ಹೇಳಿದ್ದರು. 30 ಡಿಗ್ರಿ ಬಿಸಿಯ ನೀರು ಅಷ್ಟೇ ಒತ್ತಡದಲ್ಲಿ ತಣ್ಣನೆಯ ನೀರಿನ ಅರ್ಧದಷ್ಟು ಗ್ಯಾಸ್ ಮಾತ್ರ ಹಿಡಿದುಕೊಳ್ಳುತ್ತದೆ. ಒಂದು ಹಳೇ ಫ್ರಿಜ್ ತಂದು ಅದರೊಳಗೆ ಕೆಗ್ ಇಟ್ಟ ಮೇಲೆಯೇ ಸೋಡಾ ಸೋಡಾ ಆಯಿತು. ನೀರನ್ನು ಹಿಂದಿನ ರಾತ್ರಿಯೇ ತಂಪು ಮಾಡಿ, ಕೆಗ್ ಮುಚ್ಚಿದ ಮೇಲೆ ಮೇಲಿನ ರಿಂಗ್ ಮೂರು ನಾಲ್ಕು ಸಲ ಎಳೆದು ಒಳಗಿನ ಗಾಳಿ ಬಿಡಿ. ಸುಮ್ನೆ ಬಿಟ್ಟರೆ ಗ್ಯಾಸ್ ಪೂರ್ತಿ ಹಿಡಿಯೋಕೆ ಐದಾರು ದಿನ ಬೇಕು. ಕೆಗ್ ಮಲಗಿಸಿ ಐದು ನಿಮಿಷ ಉರುಳಿಸಿದರೆ ಮಾರನೇ ದಿನಕ್ಕೆ ಕುಡಿಯಬಹುದು, ಆದರೆ ಹಾಗೆ ಮಾಡುವಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ರೆಗ್ಯುಲೇಟರ್ ಒಳಗೆ ಹೋಗಬಾರದು. ಅದಕ್ಕೆ ಬೇಕಾದ ಒನ್‌ವೇ ವಾಲ್ವ್ ಈ ರೆಗ್ಯುಲೇಟರಿನ ಕೀಲಿಯಲ್ಲೇ ಸೇರಿಕೊಂಡಿದೆ. ನಿಂಬೆ, ಉಪ್ಪು ಎಲ್ಲ ಲೋಟದಲ್ಲಿ. ಕೆಗ್‌ಗೆ ಬರೀ ನೀರು.

ಸಿಲಿಂಡರ್ ಯಾವಾಗಲೂ ನಿಂತೇ ಇರಬೇಕು, ಮಲಗಿಸಿದರೆ ದ್ರವ ಸೀದಾ ರೆಗ್ಯುಲೇಟರಿಗೆ ಬರುತ್ತದೆ. ನಾನು ಕಿಟಕಿಯ ಸರಳಿಗೆ ಸರಪಳಿ ಹಾಕಿ ಕಟ್ಟಿದ್ದೇನೆ. ಮಲಗುವ ಕೋಣೆಯಲ್ಲಿ ಮಾತ್ರ ಇಡಬೇಡಿ ದಯವಿಟ್ಟು. ಈ ಗ್ಯಾಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದ ಮೇಲೆ ತುಂಬಿಕೊಳ್ಳುತ್ತದೆ, ವಾಸನೆಯಿಂದ ಗೊತ್ತಾಗಲ್ಲ, ಮತ್ತೆ ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲಿ ಮಕ್ಕಳು ಮಲಗುವುದು ನೆಲದ ಮೇಲೇ ಅಲ್ವಾ.

ಕೊರತೆಗಳೂ ಇವೆ. ಗುಬುಟಿಗೆ ಲಾಕ್ ಇಲ್ಲ. ಅಕ್ಕನ ಮಗ ಬಂದಾಗ ಆಟಕ್ಕೆ ಅಂತ ಗುಬುಟು ತಿರುಗಿಸಿಬಿಟ್ಟ, ಸುರಕ್ಷತೆಯ ವಾಲ್ವ್ ದೊಡ್ಡ ಸದ್ದು ಮಾಡಿ ಗ್ಯಾಸ್ ಬಿಟ್ಟಿತು, ಮಗು ಹೆದರಿ ಅತ್ತಿತು. ವಾಲ್ವ್ ತನ್ನ ಕೆಲಸ ಮಾಡಿತು, ಅದಕ್ಕೆ ಪೂರ್ತಿ ಅಂಕ. ಆದರೂ ಲಾಕ್ ಇದ್ದಿದ್ದರೆ ಅದು ಆಗುತ್ತಲೇ ಇರಲಿಲ್ಲ. ಈಗ ಗುಬುಟಿನ ಮೇಲೆ ಸ್ಟೀಲ್ ಡಬ್ಬಿ ಬೋರಲು ಹಾಕಿ ಕಟ್ಟುತ್ತೇನೆ. ಹೊರಗಿನ ಮೀಟರಿನಲ್ಲಿ ಅಂಕಿಗಳು ಬಹಳ ಚಿಕ್ಕದು, ಅಪ್ಪನಿಗೆ ಕಾಣುವುದಿಲ್ಲ, 30ರ ಹತ್ತಿರ ಗಾಜಿನ ಮೇಲೆ ಉಗುರುಬಣ್ಣದಿಂದ ಗೆರೆ ಎಳೆದುಕೊಟ್ಟಿದ್ದೇನೆ. ಡಬ್ಬಿಯಲ್ಲಿ ಒಂದೇ ವಾಷರ್ ಕೊಟ್ಟಿದ್ದಾರೆ, ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಸಿಲಿಂಡರ್ ಬದಲಾಯಿಸಿದಾಗಲೆಲ್ಲ ವಾಷರ್ ಸ್ವಲ್ಪ ಸ್ವಲ್ಪ ಚಪ್ಪಟೆ ಆಗುತ್ತದೆ, ಮೂರನೇ ಸಲಕ್ಕೆ ಗುಳ್ಳೆ ಬಂತು. ಚಾಚಾ ಅಂಗಡಿಯಲ್ಲಿ ಅದೇ ಅಳತೆಯ ನೈಲಾನ್ ವಾಷರ್ ಸಿಕ್ಕಿತು. ನೀವು ತಗೊಳ್ಳುವ ದಿನವೇ ನಾಲ್ಕು ಜಾಸ್ತಿ ತಗೊಂಡು, ಧೂಳು ಹೋಗದ ಹಾಗೆ ಪುಟ್ಟ ಕವರಿನಲ್ಲಿ ಹಾಕಿ, ಸಿಲಿಂಡರಿನ ಕುತ್ತಿಗೆಗೇ ಕಟ್ಟಿಡಿ.