ಸೈಕಲ್ ಮೇಲೆ ಫೋರ್ಟ್: ಸವಾರಿ ಚೆನ್ನಾಗಿದೆ, ಸೈಕಲ್ ಚೆನ್ನಾಗಿಲ್ಲ

ಮೊದಲೇ ಹೇಳಿಬಿಡುತ್ತೇನೆ. ದಕ್ಷಿಣ ಮುಂಬೈಯನ್ನು ಗೈಡ್ ಜೊತೆ ಸೈಕಲ್ ಮೇಲೆ ಸುತ್ತುವುದಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ. ಆದರೆ ಭಾನುವಾರ ಬೆಳಗಿನ ಜಾವದ ಸವಾರಿಗೇ ಹೋಗಿ. ನಡುರಾತ್ರಿಯದ್ದೂ ಇರುತ್ತದೆ, ಹುಡುಗರ ಗುಂಪಿಗೆ ಅದು ಮಜಾ ಇರಬಹುದು, ಆದರೆ ಕತ್ತಲಲ್ಲಿ ಕಟ್ಟಡದ ಮೇಲಿನ ಕೆತ್ತನೆ ಏನು ಕಾಣುತ್ತದೆ? ಇಂಥ ಸವಾರಿ ನಡೆಸುವವರು ಕೊಲಾಬಾ ಕಡೆ ನಾಲ್ಕಾರು ಮಂದಿ ಇದ್ದಾರೆ. ನಾವು ಹೋದವರ ಹೆಸರು ಬರೆಯುತ್ತಿಲ್ಲ. ಅವರ ಮೇಲೆ ನನ್ನದು ಒಂದಿಷ್ಟು ತಕರಾರು ಇದೆ, ಬೇರೆಯವರ ಹತ್ತಿರ ಹೋದರೂ ಅದೇ ಇರಬಹುದು ಅಂತ ನನ್ನ ಗುಮಾನಿ.

ಹುಬ್ಬಳ್ಳಿಯಿಂದ ವೈನಿ, ಅಂದರೆ ಅತ್ತಿಗೆ, ಮತ್ತು ಅಣ್ಣನ ಮಗ ಬಂದಿದ್ದರು. "ಕಾಕಾ, ಟ್ಯಾಕ್ಸಿಯಲ್ಲಿ ಬೇಡ, ಸೈಕಲ್ ಮೇಲೆ ಹೋಗೋಣ" ಅಂತ ಹುಡುಗ ಹಟ ಹಿಡಿದ. ವೈನಿ ಸೈಕಲ್ ಮುಟ್ಟಿ ಯಾವ ಕಾಲವಾಯಿತೋ, ಆದರೂ ಬಂದರು. ಸಸೂನ್ ಡಾಕ್‌ನಿಂದ ಕ್ರಾಫರ್ಡ್ ಮಾರ್ಕೆಟ್‌ವರೆಗೆ 4-5 ಕಿಲೋಮೀಟರ್ ಇದೆ. ನಡೆದರೆ ಅರ್ಧ ದಾರಿಗೇ ಸುಸ್ತು. ಕಾಲಿ-ಪೀಲಿ ಟ್ಯಾಕ್ಸಿ ಹತ್ತಿದರೆ ಎಲ್ಲವೂ ಕಿಟಕಿಯಲ್ಲಿ ಓಡಿಹೋಗುತ್ತದೆ. ದಕ್ಷಿಣ ಮುಂಬೈಯ ಈ ಹಳೇ ಭಾಗ, ಫೋರ್ಟ್ ಅನ್ನುವುದು, ಸೈಕಲ್ಲಿಗೆ ಅಂತಲೇ ಅಳತೆ ತೆಗೆದು ಕಟ್ಟಿದ ಹಾಗಿದೆ, ವಾರದ ಆರು ದಿನ ಅದು ನಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಈಗ ಸೈಕಲ್ ವಿಷಯ. ದೂರದಿಂದ ನೋಡಿದರೆ ಎಲ್ಲ ಹೊಸದೇ, ಬಣ್ಣ ಪಳಪಳ. ನನ್ನದರ ಸೀಟು ಪ್ರತಿ ಸಿಗ್ನಲ್ಲಿಗೂ ಬೆರಳಷ್ಟು ಕೆಳಗೆ ಇಳಿಯುತ್ತಿತ್ತು. ಸೀಟಿನ ಕೆಳಗಿನ ಬಿಗಿಯುವ ಹಿಡಿಯ ಒಳಗಿನ ಅಂಚು ಸವೆದು ನುಣ್ಣಗಾಗಿತ್ತು, ಎಷ್ಟು ಒತ್ತಿ ಬಿಗಿದರೂ ನನ್ನ ಭಾರಕ್ಕೆ ಜಾರುತ್ತಿತ್ತು. ಕಾಲಾ ಘೋಡಾ ತಲುಪುವ ಹೊತ್ತಿಗೆ ಮೊಣಕಾಲು ಎದೆಗೆ ಬಡಿಯುತ್ತಿತ್ತು. ಗೈಡ್ ಹುಡುಗ ಪಾಪ, ಒಂದು ಹಳೇ ಟ್ಯೂಬಿನ ತುಂಡು ಸುತ್ತಿ ಬಿಗಿದುಕೊಟ್ಟ, ಆಮೇಲೆ ನಿಂತಿತು. ಅಷ್ಟು ಗೊತ್ತಿರುವವನು ಹೊರಡುವ ಮೊದಲೇ ನೋಡಬಹುದಿತ್ತು ಅಲ್ವಾ? ವೈನಿಗೆ ಕೊಟ್ಟಿದ್ದು ಎತ್ತರದ ಗಂಡಸರ ಸೈಕಲ್. ಬುಕ್ ಮಾಡುವಾಗಲೇ ಎತ್ತರ ಕೇಳಿ ಬರೆದುಕೊಂಡಿದ್ದರು, ಬರೆದುಕೊಂಡಿದ್ದು ಎಲ್ಲಿ ಹೋಯಿತೋ. ಒಬ್ಬರಿಗೆ ಸಾವಿರದ ಮೇಲೆ ತೆಗೆದುಕೊಳ್ಳುವವರು ಇಷ್ಟಾದರೂ ಮಾಡಬೇಕು.

ಸವಾರಿಯ ಶುರು ಮಾತ್ರ ಅದ್ಭುತ. ಸಸೂನ್ ಡಾಕ್ 1875ರದ್ದು. ಗೇಟಿನ ಹೊರಗೇ ಮೀನಿನ ವಾಸನೆ ಮುಖಕ್ಕೆ ರಾಚುತ್ತದೆ. ಇಳಿದು ಸೈಕಲ್ ತಳ್ಳಿಕೊಂಡೇ ಒಳಗೆ ಹೋಗಬೇಕು, ನೆಲದ ತುಂಬ ಐಸ್ ನೀರು, ಚಪ್ಪಲಿ ಹಾಕಿ ಬಂದವರ ಗತಿ ದೇವರೇ ಬಲ್ಲ. ಮೀನುಗಾರ ಕೋಳಿ ಸಮುದಾಯದ ಹೆಂಗಸರು ಬುಟ್ಟಿಯ ಮುಂದೆ ನಿಂತು ಹರಾಜು ಕೂಗುತ್ತಾರೆ, ಆ ಕಡೆ ಸಾಲಾಗಿ ಕುಕ್ಕರುಗಾಲಲ್ಲಿ ಕೂತವರು ಸಿಗಡಿ ಸುಲಿಯುತ್ತಾರೆ. ಒಬ್ಬಾಕೆ ನಮ್ಮ ಕಡೆ ಮಾತಾಡುತ್ತಲೇ ಸುಲಿಯುತ್ತಿದ್ದಳು, ಕೈ ಕಡೆ ನೋಡಲೇ ಇಲ್ಲ. ಫೋನ್ ಜೇಬಿನಲ್ಲಿಡಿ ಅಂತ ಗೈಡ್ ಮೊದಲೇ ಹೇಳಿದ್ದ, ಒಳ್ಳೆಯದಾಯಿತು. ದುಡಿಯುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಪ್ರವಾಸಿಗಳನ್ನು ಕಂಡರೆ ನನಗೆ ಆಗುವುದಿಲ್ಲ.

ಗೇಟ್‌ವೇ ಆಫ್ ಇಂಡಿಯಾ ಬಗ್ಗೆ ಜಾಸ್ತಿ ಬರೆಯುವುದೇನಿಲ್ಲ. 1924ರಲ್ಲಿ ತೆರೆದಿದ್ದು, ಜಾರ್ಜ್ ವಿಟೆಟ್ ವಿನ್ಯಾಸ, ಪಕ್ಕದ ತಾಜ್ ಅದಕ್ಕಿಂತ ಹಳೆಯದು, 1903ರದ್ದು. ಎಲ್ಲರೂ ಫೋಟೋ ತೆಗೆಸಿಕೊಂಡರು, ನಾವೂ ತೆಗೆಸಿಕೊಂಡೆವು.

ಕಾಲಾ ಘೋಡಾದಲ್ಲಿ ಗೈಡ್ ತೋರಿಸಿದ ಒಂದು ಕಟ್ಟಡ ನೆನಪಲ್ಲಿ ಉಳಿದಿದೆ. ವಾಟ್ಸನ್ ಹೋಟೆಲ್. ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ಮಾಡಿ, ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ್ದಂತೆ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ತೋರಿಸಿದ್ದು ಇಲ್ಲೇ. ಈ ದೇಶದ ಸಿನಿಮಾ ಶುರುವಾದ ಮನೆ. ಇದರ ಮುಂದೆ ನಾನು ಎಷ್ಟು ಸಲ ಓಡಾಡಿದ್ದೇನೋ, ಯಾವುದೋ ಹಾಳು ಬಿದ್ದ ಬಿಲ್ಡಿಂಗ್ ಅಂದುಕೊಂಡಿದ್ದೆ.

ಆಮೇಲೆ ಓವಲ್ ಮೈದಾನದ ಪಕ್ಕ, ಮುಂಬೈ ಯೂನಿವರ್ಸಿಟಿಯ ಆವರಣದಲ್ಲಿರುವ ರಾಜಾಬಾಯಿ ಟವರ್. ಇಲ್ಲಿ ಗೈಡ್ ಒಳ್ಳೇ ಫಾರ್ಮಿನಲ್ಲಿದ್ದ. 1878ರಲ್ಲಿ ಮುಗಿದ ಗಡಿಯಾರದ ಗೋಪುರ, ಸುಮಾರು 85 ಮೀಟರ್ ಎತ್ತರ, ದುಡ್ಡು ಕೊಟ್ಟವರು ಪ್ರೇಮಚಂದ್ ರಾಯಚಂದ್, ಹೆಸರು ಅವರ ತಾಯಿಯದ್ದು. ಕಣ್ಣು ಕಾಣದ ತಾಯಿ ಜೈನ ಸಂಪ್ರದಾಯದಂತೆ ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕಿತ್ತು, ಗಂಟೆಯ ಸದ್ದು ಕೇಳಲಿ ಅಂತ ಮಗ ಕಟ್ಟಿಸಿದ ಅನ್ನುವ ಕಥೆಯೂ ಇದೆ. ಆ ದುಡ್ಡು ಬಂದಿದ್ದು ಹತ್ತಿಯಿಂದ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿನ ದಕ್ಷಿಣದ ರಾಜ್ಯಗಳ ಹತ್ತಿ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹೋಗುವುದು ನಿಂತಾಗ ಮುಂಬೈ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿದದ್ದೇ ತಡ, 1865ರಲ್ಲಿ ಶೇರುಪೇಟೆ ಮಕಾಡೆ ಮಲಗಿತು, ಪ್ರೇಮಚಂದರೂ ಮುಳುಗಿದರು. ಇಷ್ಟೆಲ್ಲ ಚೆನ್ನಾಗಿ ಹೇಳಿದ.

ಆದರೆ ಆ ಹತ್ತಿ ಯಾರ ಹೊಲದ್ದು? ಗುಜರಾತ್, ವಿದರ್ಭ ಅಂದು ಮುಂದೆ ಹೋಗಿಬಿಟ್ಟ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಮುಂಬೈಗೆ ಬರುತ್ತಿತ್ತು. ಮುಂಬೈ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರು ಮತ್ತು ಇದೇ ಹತ್ತಿಯ ಲೆಕ್ಕಾಚಾರ ಇತ್ತು. ನಾನು ಗೈಡಿಗೆ ಹೇಳಿದೆ. "ಅಚ್ಛಾ? ಮುಂದಿನ ಸಲ ಸೇರಿಸ್ತೀನಿ" ಅಂದ. ಸೇರಿಸಿದರೆ ಒಳ್ಳೆಯದು.

ನಮ್ಮ ಕಡೆಯವರಿಗೆ ಈ ಟವರ್ ಸುಮ್ನೆ ನೋಡಿ ಹೋಗುವ ಜಾಗ ಅಲ್ಲ. 1956ರ ತನಕ ಧಾರವಾಡ, ಬೆಳಗಾವಿ, ವಿಜಯಪುರಕ್ಕೆಲ್ಲ ಮುಂಬೈಯೇ ರಾಜಧಾನಿ. ನಮ್ಮ ಅಜ್ಜನ ಮ್ಯಾಟ್ರಿಕ್ ಸರ್ಟಿಫಿಕೇಟಿನ ಮೇಲೆ ಇರುವುದು ಮುಂಬೈ ಯೂನಿವರ್ಸಿಟಿಯ ಮೊಹರು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಇದೇ ಊರಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಹೋಗಿದ್ದು. ವೈನಿ ಗೇಟಿನ ಸರಳು ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತರು, ಅವರ ಅಪ್ಪನೂ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ ಮುಂಬೈ ಡಿಗ್ರಿ ತೆಗೆದುಕೊಂಡವರು. ಅಷ್ಟರಲ್ಲಿ ಗೈಡ್ ಬೆಲ್ ಹೊಡೆದ.

ಇದೇ ನನ್ನ ದೊಡ್ಡ ತಕರಾರು. ಜನ ಜಾಸ್ತಿ, ಹೊತ್ತು ಕಮ್ಮಿ. ಹಿಂದೆ ಉಳಿದ ಒಂದಿಬ್ಬರಿಗಾಗಿ ಉಳಿದವರೆಲ್ಲ ಸಿಗ್ನಲ್ಲಿನಲ್ಲಿ ಕಾಯುವುದು, ಹಾಗೆ ಕಳೆದ ಹೊತ್ತನ್ನು ನೋಡುವ ಜಾಗದಲ್ಲಿ ಕಡಿತ ಮಾಡುವುದು. ಫ್ಲೋರಾ ಫೌಂಟನ್‌ನಲ್ಲಿ ಸೈಕಲ್ ಇಳಿಯಲೂ ಇಲ್ಲ. ಪಕ್ಕದ ಹುತಾತ್ಮ ಚೌಕದ ಬಗ್ಗೆ ಎರಡೇ ಮಾತು. ಭಾಷೆಯ ಮೇಲೆ ರಾಜ್ಯ ಒಡೆದು ನಾವು 1956ರಲ್ಲಿ ಮೈಸೂರಿನ ಕಡೆ ಹೋದೆವು, ಮರಾಠಿಯವರು ಮುಂಬೈ ಸಮೇತ ತಮ್ಮ ರಾಜ್ಯಕ್ಕೆ 1960ರ ಮೇ 1ರ ತನಕ ಬಡಿದಾಡಿದರು, ಗುಂಡೇಟಿಗೆ ಜನ ಸತ್ತರು. ಇದಕ್ಕೆ ಐದು ನಿಮಿಷ ಕೊಡಬಾರದೇ? ಹಾರ್ನಿಮನ್ ಸರ್ಕಲ್‌ನಲ್ಲಿ ಮಾತ್ರ ಏಷ್ಯಾಟಿಕ್ ಸೊಸೈಟಿಯ ಮೆಟ್ಟಿಲ ಮೇಲೆ ಕೂರಿಸಿ ನೀರು ಕೊಟ್ಟ. ಎದುರಿನ ಕೆಂಪು ಕಟ್ಟಡ ಮುಂಬೈ ಸಮಾಚಾರ್ ಪತ್ರಿಕೆಯದ್ದು, 1822ರಿಂದ ನಡೆಯುತ್ತಿದೆ.

ಬಲ್ಲಾರ್ಡ್ ಎಸ್ಟೇಟ್ ಬಗ್ಗೆ ಹೇಳಲು ಇತಿಹಾಸ ಜಾಸ್ತಿ ಇಲ್ಲ, ಆದರೆ ಸೈಕಲ್ ಹೊಡೆಯುವ ಖುಷಿಗೆ ಅದೇ ಮೊದಲ ನಂಬರ್. ಭಾನುವಾರ ಆಫೀಸುಗಳೆಲ್ಲ ಬಂದ್, ಅಗಲ ರಸ್ತೆ, ಮರದ ನೆರಳು. ವೈನಿಯ ಭಯ ಬಿಟ್ಟಿದ್ದೂ ಇಲ್ಲೇ. ಹುಡುಗ ಕೈ ಬಿಟ್ಟು ಹೊಡೆದು ಬೈಸಿಕೊಂಡ.

ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ನಮಗೆ ದಿನಾ ನೋಡುವ ಸ್ಟೇಷನ್. ನಾವು ಅಲ್ಲಿ ಕತ್ತೆತ್ತಿ ನೋಡುವುದು ಇಂಡಿಕೇಟರ್ ಬೋರ್ಡ್ ಮಾತ್ರ. ಎದುರು ಫುಟ್‌ಪಾತಿನಲ್ಲಿ ನಿಲ್ಲಿಸಿ ಗೇಟಿನ ಕಂಬದ ಮೇಲಿನ ಸಿಂಹ, ಹುಲಿ, ಗೋಡೆಯ ನವಿಲು, ಹಲ್ಲಿ, ಕಲ್ಲಿನ ಬಳ್ಳಿ ಎಲ್ಲ ಬೆರಳು ಮಾಡಿ ತೋರಿಸಿದ. ಫ್ರೆಡರಿಕ್ ಸ್ಟೀವನ್ಸ್ ವಿನ್ಯಾಸ, ಕೆಲಸ ಶುರುವಾಗಿದ್ದು 1878ರಲ್ಲಿ. ಆ ಕೆತ್ತನೆಯಲ್ಲಿ ಜೆಜೆ ಕಲಾಶಾಲೆಯ ವಿದ್ಯಾರ್ಥಿಗಳ ಕೈ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಕೊನೆಗೆ ಮರೀನ್ ಡ್ರೈವ್. ಇದು ಸಪ್ಪೆ. ಬಿಸಿಲು ಏರಿರುತ್ತದೆ, ಜಾಗಿಂಗ್ ಮಾಡುವವರ ಸಂತೆ, ಗೈಡಿನ ದನಿಯೂ ಬಿದ್ದಿರುತ್ತದೆ. ತಿಂಡಿ ನಮ್ಮದೇ ಅಂದಿದ್ದರು, ಸಿಕ್ಕಿದ್ದು ತಣ್ಣಗಿನ ಸ್ಯಾಂಡ್‌ವಿಚ್ ಪೊಟ್ಟಣ. ಅದನ್ನು ಹುಡುಗನಿಗೆ ಕೊಟ್ಟು ನಾವು ಫೋರ್ಟಿನ ಒಂದು ಉಡುಪಿ ಹೋಟೆಲಿಗೆ ಹೋಗಿ ಇಡ್ಲಿ ತಿಂದೆವು. ಗಲ್ಲೆಯ ಮೇಲೆ ಕೂತ ಶೆಟ್ಟರು ನಮ್ಮ ಕನ್ನಡ ಕೇಳಿ, ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು ಸಂಜೆ ಇದೇ ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದ ಕಥೆ ಹೇಳಿದರು. ನನ್ನ ಕೇಳಿದರೆ ಗೈಡ್ ಆ ಹೋಟೆಲ್ ಮುಂದೆಯೂ ಒಮ್ಮೆ ಸೈಕಲ್ ನಿಲ್ಲಿಸಬೇಕು.

ವಿವರಣೆ ಇಂಗ್ಲಿಷಿನಲ್ಲಿ, ಕೇಳಿದರೆ ಹಿಂದಿಯಲ್ಲೂ ಹೇಳುತ್ತಾನೆ. ಹೋಗುವವರು ಚಿಕ್ಕ ಗುಂಪು ಯಾವತ್ತು ಅಂತ ಫೋನ್ ಮಾಡಿ ಕೇಳಿ, ಅವತ್ತೇ ಬುಕ್ ಮಾಡಿ. ಸೀಟಿನ ಮೇಲೆ ಭಾರ ಹಾಕಿ ಕೂತು ನೋಡಿ, ಎರಡೂ ಬ್ರೇಕ್ ಹಿಡಿದು ನೋಡಿ, ಆಮೇಲೇ ಹೊರಡಿ. ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಡಾಕ್ ಬಿಕೋ ಅನ್ನುತ್ತದೆ, ಮಳೆ ಬೇರೆ, ಆಗ ಬೇಡ. ಡೊಂಬಿವಲಿ, ಠಾಣೆ ಕಡೆಯವರು ಬೆಳಗಿನ ಮೊದಲ ಲೋಕಲ್ ಹಿಡಿದರೆ ಸಾಕು, ಸಿಎಸ್‌ಎಂಟಿಯಿಂದ ಕೊಲಾಬಾಕ್ಕೆ ಟ್ಯಾಕ್ಸಿ ಸಿಗುತ್ತದೆ. ವಾಪಸ್ ಹೋಗುವಾಗ ಶೆಟ್ಟರ ಹತ್ತಿರ ಮಾತಿಗೆ ಕೂತು ಹೊತ್ತು ಮಾಡಬೇಡಿ, ಹಳಿ ರಿಪೇರಿಗೆ ರೈಲು ತಡೆಯುವ ಭಾನುವಾರದ ಮೆಗಾಬ್ಲಾಕ್ ಶುರುವಾಗುವ ಮೊದಲೇ ಫಾಸ್ಟ್ ಲೋಕಲ್ ಹತ್ತಿಬಿಡಿ.