ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ, ತಾನಾಗಿಯೇ ಬೆಂಕಿ ಹತ್ತುತ್ತದೆ

ಮರ ಕೆತ್ತುವ ಹವ್ಯಾಸ ಇರುವವರು, ಮನೆಯ ಟೇಬಲ್ಲು ಕುರ್ಚಿಗೆ ತಾವೇ ಎಣ್ಣೆ ಹಚ್ಚಿಕೊಳ್ಳುವವರು ದಯವಿಟ್ಟು ಪೂರ್ತಿ ಓದಿ. ಹೋದ ಭಾನುವಾರ ರಾತ್ರಿ ನಮ್ಮ ಮನೆಯ ಯುಟಿಲಿಟಿಯಲ್ಲಿ ಬೆಂಕಿ ಹತ್ತಿತು. ಬೆಂಕಿಕಡ್ಡಿ ಇಲ್ಲ, ಸಿಗರೇಟ್ ಇಲ್ಲ, ಕರೆಂಟಿನ ಕಿಡಿಯೂ ಇಲ್ಲ. ಕಸದ ಬುಟ್ಟಿಗೆ ಹಾಕಿದ್ದ ಹಳೇ ಬನಿಯನ್ ಬಟ್ಟೆ, ಅಷ್ಟೇ.

ನಾನು ಮರದಲ್ಲಿ ಪುಟ್ಟ ಬೂಟುಗಳನ್ನು ಕೆತ್ತುತ್ತೇನೆ. ಒಂದೊಂದು 3 ಇಂಚು ಎತ್ತರ, ಕೌಬಾಯ್ ಬೂಟಿನ ಹಾಗೆ. ಅಮೆರಿಕದಲ್ಲಿ ಚಾಕು ಹಿಡಿದು ಮರ ಕೆತ್ತಲು ಕಲಿಯುವವರು ಶುರುವಿನಲ್ಲೇ ಮಾಡುವ ಕೆಲಸಗಳಲ್ಲಿ ಇದೂ ಒಂದು. ಅಲ್ಲಿ ಬಾಸ್‌ವುಡ್ ಎಂಬ ಮೆತ್ತನೆಯ ಮರ ಬಳಸುತ್ತಾರೆ. ನಾನು ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ತರುತ್ತೇನೆ. ಬೆಳ್ಳಗೆ, ಮೆತ್ತಗೆ, ಎಳೆ ಒತ್ತೊತ್ತಾಗಿ ಇರುವುದರಿಂದ ಚಾಕುವಿಗೆ ಚೆನ್ನಾಗಿ ಬಗ್ಗುತ್ತದೆ. ಎಳೆ ಬೂಟಿನ ಕತ್ತಿನ ಉದ್ದಕ್ಕೆ ನಿಂತಿರುವ ಹಾಗೆ ತುಂಡು ಹಿಡಿಯುತ್ತೇನೆ. ಹಾಗಾಗಿ ಮುಂದಿನ ಮೂತಿಯಲ್ಲಿ ಎಳೆ ಅಡ್ಡ ಬರುತ್ತದೆ. ಅಲ್ಲಿ ಸ್ವಲ್ಪ ಜಾಸ್ತಿ ಒತ್ತಿದರೂ ಚಕ್ಕೆ ಎದ್ದು ಹೋಗುತ್ತದೆ, ನಿಧಾನವಾಗಿ ಹೋಗಬೇಕು. ಕಣಕಾಲಿನ ಹತ್ತಿರ ಚರ್ಮ ಮಡಿಸಿದ ಹಾಗೆ ಸುಕ್ಕು ತೆಗೆಯುವುದೇ ನನಗೆ ಇದರಲ್ಲಿ ತುಂಬಾ ಇಷ್ಟದ ಕೆಲಸ. ಆಮೇಲೆ ಮೇಲಿನಿಂದ ಡ್ರಿಲ್ ಹಾಕಿ ಬಾಯಿ ತೆಗೆದು, ಸಣ್ಣ ಉಳಿಯಿಂದ ಹೊಲಿಗೆಯ ಗೆರೆ ಎಳೆದು, ಅಕ್ರಿಲಿಕ್ ಬಣ್ಣವನ್ನು ನೀರಾಗಿಸಿ ಬಳಿದು ಒಣಗಿಸುತ್ತೇನೆ. ಕೊನೆಗೆ ಲಿನ್ಸೀಡ್ ಆಯಿಲ್, ಅಂದರೆ ಅಗಸೆ ಎಣ್ಣೆ. ಹಚ್ಚಿ ಹದಿನೈದು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿದರೆ ಬಣ್ಣಕ್ಕೆ ಒಂದು ಆಳ ಬರುತ್ತದೆ, ಬಣ್ಣ ಇಲ್ಲದ ಕಡೆ ಮರ ಜೇನಿನ ಹಾಗೆ ಕಾಣುತ್ತದೆ.

ಅವತ್ತು ಹದಿನೆಂಟು ಬೂಟುಗಳಿಗೆ ಒಟ್ಟಿಗೇ ಎಣ್ಣೆ ಹಚ್ಚಿದೆ. ಕ್ರಿಸ್‌ಮಸ್ ಹೊತ್ತಿಗೆ ಕೊಡಬೇಕಾದವು. ಸಂಜೆ ಐದೂವರೆಗೆ ಮುಗಿಯಿತು. ಒರೆಸಿದ ಬಟ್ಟೆ ಮೂರು ತುಂಡು ಇದ್ದವು. ಎರಡನ್ನು ಸೇರಿಸಿ ಮುದ್ದೆ ಮಾಡಿ, ಮರದ ಸಿಪ್ಪೆ ತುಂಬಿದ್ದ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿದೆ. ಇನ್ನೊಂದು ಹೇಗೋ ಒಂದು ಖಾಲಿ ಬಕೆಟ್ಟಿನ ಅಂಚಿನ ಮೇಲೆ ಉಳಿದುಕೊಂಡಿತು. ಕೈ ತೊಳೆದು ಒಳಗೆ ಬಂದೆ. ಬುಟ್ಟಿಯ ಪಕ್ಕದಲ್ಲೇ ವಾಷಿಂಗ್ ಮೆಷಿನ್, ಅದರ ಆಚೆಗೆ ಗ್ಯಾಸ್ ಸಿಲಿಂಡರ್.

ರಾತ್ರಿ ಹತ್ತರ ಹತ್ತಿರ ಅಮ್ಮ, "ಏನೋ ಎಣ್ಣೆ ಸೀದ ವಾಸನೆ ಬರ್ತಿದೆ ಕಣೋ, ಒಲೆ ಮೇಲೆ ಏನಾದ್ರೂ ಇಟ್ಟಿದ್ದೀಯಾ?" ಅಂದರು. ಒಲೆ ಆರಿತ್ತು. ಯುಟಿಲಿಟಿ ಬಾಗಿಲು ತೆಗೆದರೆ ಕಣ್ಣು ಉರಿಯುವಂಥ ಘಾಟು. ಬುಟ್ಟಿಯ ಒಂದು ಪಕ್ಕ ಮೆತ್ತಗಾಗಿ ಒಳಕ್ಕೆ ಜಗ್ಗಿತ್ತು. ಅಡುಗೆಮನೆಯ ಇಕ್ಕಳದಿಂದ ಆ ಮುದ್ದೆಯನ್ನು ಎತ್ತಿದೆ. ಹೊರಗಿನ ಪದರ ಸಾಮಾನ್ಯವಾಗಿತ್ತು, ಸ್ವಲ್ಪ ಹಳದಿ, ಅಷ್ಟೇ. ಒಂದು ಮಡಿಕೆ ಬಿಡಿಸಿದೆ, ಒಳಗೆ ಟೀ ಡಿಕಾಕ್ಷನ್ ಬಣ್ಣ. ಇನ್ನೊಂದು ಮಡಿಕೆ ಬಿಡಿಸಿದರೆ ಕಪ್ಪು, ಮಧ್ಯೆ ತೂತು, ಆ ತೂತಿನ ಅಂಚಿನ ಸುತ್ತ ಊದುಬತ್ತಿಯ ತುದಿಯ ಹಾಗೆ ಕೆಂಪು ಕೆಂಡ ಹರಿದಾಡುತ್ತಿತ್ತು. ಗಾಳಿ ತಾಗಿದ್ದೇ ತಡ, ಭಗ್ ಅಂತ ಹತ್ತಿಕೊಂಡಿತು. ಕೈಯಿಂದ ಜಾರಿ ಮತ್ತೆ ಬುಟ್ಟಿಯೊಳಗೇ ಬಿತ್ತು, ಒಣ ಸಿಪ್ಪೆಯ ಮೇಲೆ. ಒಂದೇ ಕ್ಷಣದಲ್ಲಿ ಉರಿ ಮೇಜಿನ ಎತ್ತರಕ್ಕೆ ಬಂತು. ಪುಣ್ಯಕ್ಕೆ ಬಟ್ಟೆ ನೆನೆಸಿಟ್ಟಿದ್ದ ಬಕೆಟ್ಟು ಅಲ್ಲೇ ತುಂಬಿತ್ತು, ಎತ್ತಿ ಸುರಿದೆ. ಅಮ್ಮ ಹಿಂದಿನಿಂದ ಇನ್ನೊಂದು ಬಕೆಟ್ ತಂದರು.

ಎರಡು ಬೆರಳು ಸುಟ್ಟಿವೆ, ಬುಟ್ಟಿ ಕರಗಿದೆ, ಮೇಜಿನ ಕಾಲು ಕಪ್ಪಾಗಿದೆ, ಆರು ಬೂಟು ಮಸಿ ಹಿಡಿದು ಹೋಗಿವೆ. ಅವತ್ತು ನಾವು ಬೇಗ ಮಲಗಿದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ನಿದ್ದೆ ಬರುವುದಿಲ್ಲ.

ಖಾಲಿ ಬಕೆಟ್ಟಿನ ಅಂಚಿನ ಮೇಲೆ ಉಳಿದಿದ್ದ ಮೂರನೇ ತುಂಡನ್ನು ಆಮೇಲೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಅದೇ ಎಣ್ಣೆ, ಅದೇ ಬನಿಯನ್, ಅದೇ ಹೊತ್ತು. ಹರಡಿಕೊಂಡಿತ್ತು, ಅಷ್ಟೇ ವ್ಯತ್ಯಾಸ.

ಕಾರಣ ಇದು. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ, ಹಾಗೆ ಆಗುವಾಗ ಬಿಸಿ ಹುಟ್ಟುತ್ತದೆ. ಮರದ ಮೇಲೆ ತೆಳ್ಳಗೆ ಇದ್ದಾಗ, ಇಲ್ಲವೇ ಬಟ್ಟೆ ಹರಡಿದ್ದಾಗ ಆ ಬಿಸಿ ಗಾಳಿಗೆ ಹೋಗಿಬಿಡುತ್ತದೆ. ಮುದ್ದೆ ಮಾಡಿದರೆ ಒಳಗೇ ಉಳಿಯುತ್ತದೆ. ಬಿಸಿ ಏರಿದಷ್ಟೂ ಎಣ್ಣೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಇನ್ನೂ ಬಿಸಿಯಾಗುತ್ತದೆ, ಕೊನೆಗೆ ಬಟ್ಟೆಗೇ ಬೆಂಕಿ. ಹಸಿ ಹುಲ್ಲನ್ನು ಬಣವೆ ಒಟ್ಟಬೇಡಿ, ಒಳಗೆ ಕಾವು ಹುಟ್ಟುತ್ತದೆ ಅಂತ ಊರಲ್ಲಿ ಹೇಳುತ್ತಾರಲ್ವಾ? ಅಲ್ಲಿ ಕಾವು ಹುಟ್ಟುವ ಕಾರಣ ಬೇರೆ, ಆದರೆ ಹೊರಗೆ ಹೋಗಲು ದಾರಿ ಇಲ್ಲದಿರುವುದು ಎರಡರಲ್ಲೂ ಒಂದೇ. ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಲಿನ್ಸೀಡ್ ಇನ್ನೂ ಚುರುಕು. ಬೇಗ ಒಣಗಲಿ ಅಂತ ಅದಕ್ಕೆ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಸೇರಿಸಿರುತ್ತಾರೆ.

ನಾವು ಮೋಸ ಹೋಗುವುದು ಎಲ್ಲಿ ಅಂದರೆ, ಮನೆಯಲ್ಲಿ ಕೊಬ್ಬರಿ ಎಣ್ಣೆ ಹತ್ತಿದ ಬಟ್ಟೆ ಎಷ್ಟು ದಿನ ಮೂಲೆಯಲ್ಲಿ ಬಿದ್ದಿದ್ದರೂ ಏನೂ ಆಗಿರುವುದಿಲ್ಲ. ಕೊಬ್ಬರಿ ಎಣ್ಣೆ ಹೀಗೆ ಒಣಗಿ ಗಟ್ಟಿಯಾಗುವ ಜಾತಿಯದಲ್ಲ. ಅಗಸೆ, ಟಂಗ್ ಆಯಿಲ್ (ಟಂಗ್ ಎಂಬ ಮರದ ಬೀಜದ ಎಣ್ಣೆ), ಅಕ್ರೋಟಿನ ಎಣ್ಣೆ ಆ ಜಾತಿಯವು. ಡ್ಯಾನಿಶ್ ಆಯಿಲ್, ಟೀಕ್ ಆಯಿಲ್ ಅಂತ ಮಾರುವ ಡಬ್ಬಿಗಳಲ್ಲೂ ಸಾಮಾನ್ಯವಾಗಿ ಇವೇ ಇರುತ್ತವೆ. ಹೆಸರು ನೋಡಿ ಧೈರ್ಯ ಮಾಡಬೇಡಿ.

ಇದು ಸಣ್ಣ ಮನೆಯ ಸಣ್ಣ ಕಥೆ ಅಂದುಕೊಳ್ಳಬೇಡಿ. 1991ರ ಫೆಬ್ರುವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಹೀಗೇ. ಮರದ ಹಲಗೆಗಳಿಗೆ ಪಾಲಿಶ್ ಮಾಡುತ್ತಿದ್ದವರು 22ನೇ ಮಹಡಿಯಲ್ಲಿ ಬಿಟ್ಟುಹೋಗಿದ್ದ ಲಿನ್ಸೀಡ್ ಬಟ್ಟೆಗಳಿಂದ ಶುರುವಾಗಿ, ಒಂದೊಂದೇ ಮಹಡಿ ಏರಿ, ಬೆಂಕಿ ಬಿದ್ದಾಗ ಚಾವಣಿಯಿಂದ ತಾನಾಗೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇದ್ದ 30ನೇ ಮಹಡಿಯಲ್ಲಿ ನಿಂತಿತು. ಅಗ್ನಿಶಾಮಕ ದಳದ ಮೂವರು ಸತ್ತರು.

ಈಗ ನಾನು ಮಾಡುತ್ತಿರುವುದು: ಎಣ್ಣೆ ಕೆಲಸ ಶುರು ಮಾಡುವ ಮೊದಲೇ ಹಳೇ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಪಕ್ಕಕ್ಕೆ ಇಟ್ಟುಕೊಳ್ಳುತ್ತೇನೆ. ಬಟ್ಟೆ, ಟಿಶ್ಯೂ, ಎಣ್ಣೆ ಕುಡಿದ ಉಪ್ಪುಕಾಗದದ ಚೂರು, ಎಲ್ಲ ನೇರ ಅದರೊಳಗೆ. ಪೂರ್ತಿ ಮುಳುಗಿರಬೇಕು, ಮೇಲೆ ಮುಚ್ಚಳ. ಮತ್ತೆ ಬಳಸಬೇಕಾದ ಬಟ್ಟೆಯನ್ನು ಟೆರೇಸಿನ ತಂತಿಗೆ ಒಂದೇ ಪದರವಾಗಿ ನೇತು ಹಾಕುತ್ತೇನೆ, ಒಂದರ ಮೇಲೊಂದು ಬೀಳದ ಹಾಗೆ. ಕೆಲವು ದಿನದಲ್ಲಿ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ, ಆಮೇಲೆ ಭಯ ಇಲ್ಲ. ಹಸಿ ಎಣ್ಣೆ ಬಟ್ಟೆಯನ್ನು ಒಣ ಕಸದ ಜೊತೆ ಕಟ್ಟಿ ಕೊಡಲೇಬೇಡಿ. ನಿಮ್ಮ ಮನೆ ಉಳಿದರೂ ಅದು ಕಸದ ಆಟೋದಲ್ಲಿ ಹತ್ತಿಕೊಂಡರೆ ಪೌರಕಾರ್ಮಿಕರ ಗತಿ ಏನು?

ಇನ್ನೊಂದು ಮಾತು. ಬಟ್ಟೆ ಆಗಲೇ ಬಿಸಿಯಾಗಿದ್ದರೆ, ವಾಸನೆ ಬರುತ್ತಿದ್ದರೆ ನಾನು ಮಾಡಿದ ಹಾಗೆ ಬಿಡಿಸಿ ನೋಡಬೇಡಿ. ಗಾಳಿ ಸಿಕ್ಕರೆ ಉರಿ ಏಳುತ್ತದೆ. ಇದ್ದ ಹಾಗೇ ಅದರ ಮೇಲೆ ನೀರು ಸುರಿಯಿರಿ.

ನನಗೆ ಬೇಜಾರಾಗಿರುವುದು ಏನೆಂದರೆ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಕೆತ್ತನೆ ಹೇಳಿಕೊಟ್ಟವರು ಚಾಕು ಹಿಡಿಯುವ ಬಗ್ಗೆ, ಕೈಗವಸಿನ ಬಗ್ಗೆ ಹತ್ತು ಸಲ ಹೇಳಿದ್ದರು, ಬಟ್ಟೆಯ ಬಗ್ಗೆ ಒಂದು ಸಲವೂ ಇಲ್ಲ. ಹಾರ್ಡ್‌ವೇರ್ ಅಂಗಡಿಯವರು ದೊಡ್ಡ ಕ್ಯಾನಿನಿಂದ ಖಾಲಿ ನೀರಿನ ಬಾಟಲಿಗೆ ಸುರಿದು ಕೊಟ್ಟಿದ್ದರು. ಅದರ ಮೇಲೆ ಹೆಸರೇ ಇಲ್ಲ, ಎಚ್ಚರಿಕೆ ಎಲ್ಲಿಂದ ಬರಬೇಕು? ಮಂಗಳವಾರ ಹೋಗಿ, ಕ್ಯಾನಿನ ಮೇಲೆ ಎರಡು ಸಾಲು ಬರೆದು ಅಂಟಿಸಿ ಸಾರ್ ಅಂತ ಕೇಳಿಕೊಂಡೆ. "ಬಟ್ಟೆಗೆ ತಾನಾಗೇ ಬೆಂಕಿ ಹತ್ತುತ್ತಾ?" ಅಂತ ನಕ್ಕು ಬೇರೆ ಗಿರಾಕಿಯ ಕಡೆ ತಿರುಗಿದರು. ಆ ಸುಟ್ಟ ಬನಿಯನ್ ಚೂರನ್ನು ಎಸೆದಿಲ್ಲ, ಕವರಿನಲ್ಲಿ ಇಟ್ಟಿದ್ದೇನೆ. ಶನಿವಾರ ಅದನ್ನು ತೆಗೆದುಕೊಂಡು ಮತ್ತೆ ಹೋಗುತ್ತೇನೆ.